ಕಾನೂನು ಸಂಶೋಧನೆ ಚಿಕ್ಕಬಾಣಾವರಕ್ಕೂ ಬರಲಿ

2008ರ ಡಿಸೆಂಬರ್ 30ರಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಒಂದು ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಡಾ. ಕೆ. ಶಿವರಾಮ ಕಾರಂತ ಬಡಾವಣೆಗೆಂದು ನಗರದ ಉತ್ತರ ಅಂಚಿನ 17 ಹಳ್ಳಿಗಳ 3,546 ಎಕರೆ 12 ಗುಂಟೆ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಉದ್ದೇಶ ಅದರಲ್ಲಿತ್ತು. ಚಿಕ್ಕಬಾಣಾವರದ ಮಗ್ಗುಲಲ್ಲೇ ಇರುವ ಸೋಮಶೆಟ್ಟಿಹಳ್ಳಿ, ಗಾಣಿಗರಹಳ್ಳಿಗಳು ಆ ಪಟ್ಟಿಯಲ್ಲಿದ್ದವು. ಆದರೆ ಅಂತಿಮ ಅಧಿಸೂಚನೆ ವರ್ಷಗಟ್ಟಲೆ ಬರಲಿಲ್ಲ. ಜಮೀನಿನವರು ಹೈಕೋರ್ಟಿಗೆ ಹೋದರು. 2014ರಲ್ಲಿ ಏಕಸದಸ್ಯ ಪೀಠ ಅವರ ಪರವಾಗಿ ತೀರ್ಪು ಕೊಟ್ಟಿತು. 2017ರಲ್ಲಿ ವಿಭಾಗೀಯ ಪೀಠ ಅದನ್ನೇ ಎತ್ತಿಹಿಡಿಯಿತು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಆ ತೀರ್ಪುಗಳನ್ನು ತಳ್ಳಿಹಾಕಿ, ಬಡಾವಣೆಯ ಕೆಲಸ ಮುಂದುವರಿಯಲಿ ಎಂದಿತು.

ಆ ಹತ್ತು ವರ್ಷ ಊರು ಸುಮ್ಮನೆ ಕೂತಿರಲಿಲ್ಲ. ಹೆಸರಘಟ್ಟ ರಸ್ತೆಯ ಸುತ್ತಮುತ್ತ ಕಾಲೇಜುಗಳು ಬೆಳೆದವು, ವಿದ್ಯಾರ್ಥಿಗಳಿಗೆ ಬಾಡಿಗೆ ಮನೆಗಳು ಎದ್ದವು. ತುಮಕೂರು ದಾರಿಯಿಂದ ಹಾಸನದ ರೈಲು ದಾರಿ ಕವಲೊಡೆಯುವುದು ಚಿಕ್ಕಬಾಣಾವರದಲ್ಲೇ. ಆ ದಾರಿ 2017ರಲ್ಲಿ ಪೂರ್ತಿ ತೆರೆಯಿತು. ಎಕರೆ ಲೆಕ್ಕದಲ್ಲಿದ್ದ ಜಮೀನು ಅಡಿ ಲೆಕ್ಕಕ್ಕೆ ಇಳಿಯಿತು. ರೆವಿನ್ಯೂ ಸೈಟುಗಳು ಮಾರಾಟವಾದವು, ಜನ ಸಾಲ ಮಾಡಿ ಮನೆ ಕಟ್ಟಿಕೊಂಡರು. ಹೀಗೆ ಕಟ್ಟಿದ ಮನೆಗಳ ಗತಿಯೇನು ಎಂದು ಪರಿಶೀಲಿಸಲು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ನೇತೃತ್ವದಲ್ಲಿ ಸಮಿತಿಯನ್ನೇ ರಚಿಸಬೇಕಾಯಿತು. ಕ್ರಯಪತ್ರ, ಖಾತೆ, ಕಂದಾಯ ರಸೀದಿಗಳನ್ನು ಹಿಡಿದು ತಮ್ಮ ಮನೆ ತಮ್ಮದೆಂದು ತೋರಿಸುವ ಹೊಣೆ ಮನೆಯವರ ಮೇಲೆ ಬಿತ್ತು.

ಇಷ್ಟನ್ನೂ ಹೇಳಿದ್ದು ಪ್ರಾಧಿಕಾರದ್ದು ಸರಿಯೋ ಜಮೀನಿನವರದು ಸರಿಯೋ ಎಂದು ತೀರ್ಮಾನಿಸಲಿಕ್ಕಲ್ಲ. ಆ ತೀರ್ಮಾನ ಕೋರ್ಟಿನಲ್ಲಿ ಆಗಿದೆ. ನನ್ನ ಪ್ರಶ್ನೆ ಬೇರೆ. ಪ್ರಾಥಮಿಕ ಅಧಿಸೂಚನೆ ಹೊರಬಿದ್ದ ಮೇಲೆ ಆ ಜಮೀನು ಕೊಂಡವನಿಗೆ ಸ್ವಾಧೀನವನ್ನೇ ಪ್ರಶ್ನಿಸುವ ಹಕ್ಕಿಲ್ಲ, ಹೆಚ್ಚೆಂದರೆ ಮಾರಿದವನ ಜಾಗದಲ್ಲಿ ನಿಂತು ಪರಿಹಾರ ಕೇಳಬಹುದು ಎಂಬುದು ನಮ್ಮ ನ್ಯಾಯಾಲಯಗಳು ದಶಕಗಳಿಂದ ಹೇಳಿಕೊಂಡು ಬಂದ ಮಾತು. ಭೂಸ್ವಾಧೀನ ಕುರಿತ ಯಾವ ಗಂಭೀರ ಪುಸ್ತಕ ತೆರೆದರೂ ಈ ನಿಯಮ ಸಿಗುತ್ತದೆ. 2019ರ ಅಕ್ಟೋಬರ್‌ನಲ್ಲಿ ಶಿವಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆಯ ತೀರ್ಪುಗಳನ್ನೆಲ್ಲ ಒಟ್ಟುಗೂಡಿಸಿ ಇದನ್ನು ಮತ್ತೆ ಹೇಳಿತು. ಹೈಕೋರ್ಟ್ ರದ್ದು ಮಾಡಿದೆ ಎಂಬ ಮಾತು ಊರಲ್ಲಿ ಹರಡಿದಾಗ, ಮೇಲ್ಮನವಿ ಇತ್ಯರ್ಥವಾಗುವ ತನಕ ಆ ರದ್ದತಿ ಗಟ್ಟಿಯಲ್ಲ ಎಂಬುದೂ ಕಾನೂನು ಬಲ್ಲವರಿಗೆ ಗೊತ್ತಿತ್ತು. ಈ ಎರಡು ಮಾತುಗಳನ್ನು ಕನ್ನಡದಲ್ಲಿ, ಅರ್ಧ ಹಾಳೆಯಲ್ಲಿ ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯ ಗೋಡೆಗೆ ಅಂಟಿಸಿದ್ದರೆ ಎಷ್ಟು ಮನೆಗಳ ಉಳಿತಾಯ ಉಳಿಯುತ್ತಿತ್ತು! ತಿಳಿವಳಿಕೆ ಇತ್ತು. ಅದು ಬೇಕಾದವರ ಬಳಿಗೆ ಬರಲಿಲ್ಲ.

ಕಾನೂನಿನ ಬಗ್ಗೆ ನಡೆಯುವ ಸಂಶೋಧನೆ ಜನರ ವ್ಯಾಜ್ಯಗಳಿಂದಲೇ ಹುಟ್ಟುತ್ತದೆ, ಬಹುಪಾಲು ಜನರ ತೆರಿಗೆ ಹಣದಲ್ಲೇ ಬೆಳೆಯುತ್ತದೆ. ಹಾಗಾಗಿ ಅದು ಜನರ ಭಾಷೆಯಲ್ಲಿ, ಜನರಿಗೆ ಅರ್ಥವಾಗುವ ರೂಪದಲ್ಲಿ ಜನರಿಗೆ ಮರಳಬೇಕು. ಇದು ವಿದ್ವಾಂಸರು ದೊಡ್ಡ ಮನಸ್ಸು ಮಾಡಿ ಕೊಡುವ ದಾನವಾಗಬಾರದು. ಅವರ ವೃತ್ತಿಯ ಕರ್ತವ್ಯದ ಭಾಗವಾಗಬೇಕು. ಈ ಲೇಖನದ ವಾದ ಇಷ್ಟೇ.

ತೀರ್ಪುಗಳು ಈಗ ಬೆರಳ ತುದಿಯಲ್ಲೇ ಇವೆಯಲ್ಲ ಎಂದು ಕೇಳುವವರಿದ್ದಾರೆ. ಹೌದು, ಇವೆ. ತೀರ್ಪಿನ ಮೂಲ ಪಠ್ಯವನ್ನು ಯಾರು ಬೇಕಾದರೂ ಮುದ್ರಿಸಬಹುದು ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮೇ ಹೇಳುತ್ತದೆ. ಕಾನೂನು ವರದಿ ಪ್ರಕಟಿಸುವ ಸಂಸ್ಥೆಗೆ ತಾನು ಬರೆದ ತಲೆಟಿಪ್ಪಣಿಯ ಮೇಲೆ ಹಕ್ಕುಂಟು, ನ್ಯಾಯಾಧೀಶರು ಬರೆದ ಮೂಲ ತೀರ್ಪಿನ ಮೇಲಿಲ್ಲ ಎಂದು ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅದರ ಮರುತಿಂಗಳೇ, 2008ರ ಜನವರಿಯಲ್ಲಿ, ಸುಶಾಂತ್ ಸಿನ್ಹಾ ಎಂಬ ತಂತ್ರಜ್ಞ ಇಂಡಿಯನ್ ಕಾನೂನ್ ಎಂಬ ಉಚಿತ ಹುಡುಕುತಾಣ ಆರಂಭಿಸಿದರು. 2023ರ ಜನವರಿಯಿಂದ ಸುಪ್ರೀಂ ಕೋರ್ಟ್ ತನ್ನ ಅಧಿಕೃತ ವರದಿಗಳನ್ನೇ ಉಚಿತವಾಗಿ ತೆರೆದಿಟ್ಟಿದೆ. ಇವೆಲ್ಲ ದೊಡ್ಡ ಕೆಲಸಗಳು, ಅನುಮಾನವಿಲ್ಲ.

ಆದರೆ ತೀರ್ಪು ಸಿಗುವುದೂ ತೀರ್ಪು ತಿಳಿಯುವುದೂ ಒಂದೇ ಅಲ್ಲ. ಒಂದು ತೀರ್ಪು ಅದರ ಹಿಂದಿನ ಇಪ್ಪತ್ತು ತೀರ್ಪುಗಳ ಸಾಲಿನಲ್ಲಿ ಎಲ್ಲಿ ಕೂರುತ್ತದೆ, ಯಾವುದನ್ನು ಬದಲಿಸಿತು, ಯಾವುದನ್ನು ಮುಟ್ಟದೆ ಬಿಟ್ಟಿತು, ನಾಳೆ ಯಾವ ಪ್ರಶ್ನೆ ಏಳಬಹುದು ಎಂಬುದನ್ನು ಹೇಳುವುದು ಸಂಶೋಧನೆ. ಆ ಸಂಶೋಧನೆಯ ಸುತ್ತ ಮೂರು ಬೇಲಿಗಳಿವೆ. ಮೊದಲನೆಯದು ಹಣ. ಕಾನೂನು ನಿಯತಕಾಲಿಕಗಳು, ದತ್ತಸಂಗ್ರಹಗಳು ಬಹುತೇಕ ಚಂದಾ ಕಟ್ಟಿದವರಿಗೆ ಮಾತ್ರ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಒಂದು ದೇಶ, ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ. ಸುಮಾರು 13,000 ನಿಯತಕಾಲಿಕಗಳು ಅದರಲ್ಲಿ ಸಿಗುತ್ತವೆ. ಆದರೆ ಅದು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಸೀಮಿತ. ಖಾಸಗಿ ಕಾಲೇಜುಗಳೇ ಹೆಚ್ಚಿರುವ ಚಿಕ್ಕಬಾಣಾವರದಂಥ ಕಡೆ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಆ ಬಾಗಿಲು ತೆರೆಯುವುದಿಲ್ಲ; ಸಾರ್ವಜನಿಕರ ಮಾತಂತೂ ದೂರ.

ಎರಡನೆಯ ಬೇಲಿ ಭಾಷೆ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ರಾಜ್ಯಪಾಲರು ರಾಷ್ಟ್ರಪತಿಯವರ ಒಪ್ಪಿಗೆ ಪಡೆದು ಹೈಕೋರ್ಟಿನ ಕಲಾಪದಲ್ಲಿ ಬೇರೆ ಭಾಷೆಗೆ ಅವಕಾಶ ಕೊಡಬಹುದು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹಾಗೆ ಹಿಂದಿಗೆ ಅವಕಾಶವಾಯಿತು. ಕರ್ನಾಟಕದಲ್ಲಿ 2024ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಮತ್ತು ನ್ಯಾಯಮೂರ್ತಿ ಸಿ.ಎಂ. ಜೋಶಿ ಅವರ ಪೀಠ ಕನ್ನಡದಲ್ಲೂ ತೀರ್ಪು ನೀಡಿದ್ದು ಸುದ್ದಿಯಾಯಿತು. ಅದು ಸುದ್ದಿಯಾಯಿತು ಎಂಬುದೇ ಅದೆಷ್ಟು ಅಪರೂಪ ಎಂಬುದಕ್ಕೆ ಸಾಕ್ಷಿ.

ಮೂರನೆಯ ಬೇಲಿ ಬರವಣಿಗೆಯ ರೀತಿ. ಇದು ಉಳಿದೆರಡಕ್ಕಿಂತ ಎತ್ತರದ್ದು. ಬೆಂಗಳೂರಿನ ದಕ್ಷ್ ಸಂಸ್ಥೆ 2016ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸಿವಿಲ್ ವ್ಯಾಜ್ಯಗಳ ಪೈಕಿ ಶೇ 66ರಷ್ಟು ಜಮೀನು ಮತ್ತು ಆಸ್ತಿಗೆ ಸಂಬಂಧಿಸಿದವು ಎಂದು ಕಂಡುಬಂತು. ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ 1950ರಿಂದ 2016ರವರೆಗೆ ಸುಪ್ರೀಂ ಕೋರ್ಟ್ ಮುಟ್ಟಿದ ಭೂಸ್ವಾಧೀನ ಪ್ರಕರಣಗಳನ್ನು ಅಭ್ಯಸಿಸಿ, ವಿವಾದ ಹುಟ್ಟಿ ಅಲ್ಲಿ ತೀರ್ಮಾನವಾಗುವ ಹೊತ್ತಿಗೆ ಸರಾಸರಿ 20 ವರ್ಷ ಹಿಡಿಯುತ್ತದೆ ಎಂದು ತೋರಿಸಿತು. ಎರಡೂ ಉಚಿತವಾಗಿ ಸಿಗುತ್ತವೆ. ಆದರೆ ಸೋಮಶೆಟ್ಟಿಹಳ್ಳಿಯ ಯಾವ ಮನೆ ಅವನ್ನು ಓದಿದೆ? ಕೋರ್ಟಿಗೆ ಹೋಗಬೇಕೋ ರಾಜಿಯಾಗಬೇಕೋ ಎಂದು ಅಣ್ಣತಮ್ಮಂದಿರು ಕೂತು ಮಾತಾಡುವಾಗ '20 ವರ್ಷ' ಎಂಬ ಒಂದು ಅಂಕಿ ಎಷ್ಟು ತೂಕದ್ದು! ಆ ಅಂಕಿ ಇಂಗ್ಲಿಷ್ ವರದಿಯ ಕೋಷ್ಟಕದಲ್ಲಿ ಉಳಿದುಹೋಗಿದೆ. ಬೆಲೆ ಕಟ್ಟದೆ ಸಿಕ್ಕಿದ ಮಾತ್ರಕ್ಕೆ ಯಾವ ಬರಹವೂ ಸಾರ್ವಜನಿಕವಾಗುವುದಿಲ್ಲ.

ಕಾನೂನಿನ ಸೂಕ್ಷ್ಮಗಳನ್ನು ಸರಳವಾಗಿ ಹೇಳಲು ಸಾಧ್ಯವೇ ಇಲ್ಲ, ಸರಳಗೊಳಿಸಿದರೆ ಕೆಡುತ್ತದೆ ಎಂಬುದು ವಿದ್ವಾಂಸರ ಮೊದಲ ಆಕ್ಷೇಪ. ಇದನ್ನು ವಾದದಿಂದಷ್ಟೇ ಎದುರಿಸಿದರೆ ಸಾಲದು, ಹೇಳಿ ತೋರಿಸಬೇಕು. ಈ ಭಾಗದ ಜಮೀನಿಗೇ ಸಂಬಂಧಿಸಿದ, ಕಾನೂನು ಪಂಡಿತರೂ ಕಷ್ಟದ್ದೆಂದು ಒಪ್ಪುವ ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳುತ್ತೇನೆ.

ಪ್ರಾಧಿಕಾರ ಜಮೀನು ತೆಗೆದುಕೊಂಡಾಗ ಪರಿಹಾರವನ್ನು ಯಾವ ಕಾಯ್ದೆಯ ಲೆಕ್ಕದಲ್ಲಿ ಕೊಡಬೇಕು? 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಶೇ 30ರಷ್ಟು ಸಾಂತ್ವನ ಧನ, ಜೊತೆಗೆ ವರ್ಷಕ್ಕೆ ಶೇ 12ರ ಹೆಚ್ಚುವರಿ ಮೊತ್ತ ಇತ್ತು. 2013ರ ಹೊಸ ಕಾಯ್ದೆಯಲ್ಲಿ ಸಾಂತ್ವನ ಧನವೇ ಶೇ 100. ನಗರ ಪ್ರದೇಶದಲ್ಲಿ ಮಾರುಕಟ್ಟೆ ಬೆಲೆಯ ಎರಡು ಪಟ್ಟು, ಹಳ್ಳಿಗಾಡಿನಲ್ಲಿ ದೂರ ನೋಡಿಕೊಂಡು ನಾಲ್ಕು ಪಟ್ಟಿನವರೆಗೆ ಪರಿಹಾರ ಬರಬಹುದು. ಹೊಸ ಕಾಯ್ದೆ 2014ರ ಜನವರಿ 1ರಂದು ಜಾರಿಯಾಗಿ ಹಳೆಯದು ರದ್ದಾಯಿತು. ಹಾಗಿದ್ದ ಮೇಲೆ ಹೊಸ ದರವೇ ಸಿಗಬೇಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ.

ತೊಡಕು ಇರುವುದು 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ 36ನೇ ಕಲಮಿನಲ್ಲಿ. ಪ್ರಾಧಿಕಾರದ ಸ್ವಾಧೀನಕ್ಕೆ 1894ರ ಕಾಯ್ದೆಯ ನಿಯಮಗಳು ಅನ್ವಯವಾಗುವಷ್ಟರ ಮಟ್ಟಿಗೆ ಅನ್ವಯಿಸುತ್ತವೆ ಎಂದು ಅದು ಹೇಳುತ್ತದೆ. ಒಂದು ಕಾಯ್ದೆ ಇನ್ನೊಂದರ ನಿಯಮಗಳನ್ನು ಎತ್ತಿಕೊಂಡು ತನ್ನ ಮೈಗೇ ಸೇರಿಸಿಕೊಂಡಿದ್ದರೆ, ಆ ಇನ್ನೊಂದು ಕಾಯ್ದೆ ಮುಂದೆ ರದ್ದಾದರೂ ಎತ್ತಿಕೊಂಡ ಭಾಗ ಇದರೊಳಗೆ ಬದುಕಿರುತ್ತದೆ. ಹಾಗಲ್ಲದೆ ಅದರ ಕಡೆ ಕೈ ತೋರಿಸಿ ಸುಮ್ಮನಾಗಿದ್ದರೆ, ಹಳೆಯದರ ಜಾಗಕ್ಕೆ ಹೊಸದು ಬಂದಾಗ ಆ ಕೈ ಹೊಸದರ ಕಡೆಗೆ ತಿರುಗುತ್ತದೆ. 36ನೇ ಕಲಮು ಮಾಡಿದ್ದು ಇವೆರಡರಲ್ಲಿ ಯಾವುದನ್ನು? ಪೆರಿಫೆರಲ್ ರಿಂಗ್ ರಸ್ತೆಯ ಪ್ರಕರಣದಲ್ಲಿ 2022ರ ಜನವರಿ 20ರಂದು ಸುಪ್ರೀಂ ಕೋರ್ಟ್ ಮೊದಲನೆಯದನ್ನು ಎಂದು ತೀರ್ಮಾನಿಸಿತು. ಅಂದರೆ ಪ್ರಾಧಿಕಾರದ ಸ್ವಾಧೀನಕ್ಕೆ 2013ರ ಕಾಯ್ದೆ ತಾಕುವುದಿಲ್ಲ. ದೇಶಕ್ಕೆಲ್ಲ ರದ್ದಾದ 1894ರ ಲೆಕ್ಕ ಇಲ್ಲಿ ಉಳಿದುಕೊಂಡಿದೆ.

ಕಾನೂನು ನಿಯತಕಾಲಿಕಗಳು ಪುಟಗಟ್ಟಲೆ ಚರ್ಚಿಸುವ ಈ ಸಿದ್ಧಾಂತವನ್ನು ಹತ್ತು ಸಾಲಿನಲ್ಲಿ ಹೇಳಿದರೆ ಕೆಲವು ಅಂಚುಗಳು ಬಿಟ್ಟುಹೋಗುತ್ತವೆ, ನಿಜ. ಆದರೆ ಓದಿದವರಿಗೆ ತಮ್ಮ ಜಮೀನಿಗೆ ಯಾಕೆ ಹಳೆಯ ದರ ಎಂಬ ಕಾರಣ ಸಿಗುತ್ತದೆ. ಅಷ್ಟೇ ಅಲ್ಲ, ಇದನ್ನು ಬದಲಿಸಬೇಕೆಂದರೆ ಇನ್ನೊಂದು ರಿಟ್ ಅರ್ಜಿ ಹಾಕಿ ಫಲವಿಲ್ಲ, ವಿಧಾನಮಂಡಲ 36ನೇ ಕಲಮಿಗೆ ತಿದ್ದುಪಡಿ ತರಬೇಕು ಎಂಬುದೂ ಹೊಳೆಯುತ್ತದೆ. ತನ್ನ ಶಾಸಕರನ್ನು ಏನು ಕೇಳಬೇಕೆಂದು ಒಬ್ಬ ಮತದಾರನಿಗೆ ತಿಳಿಯುವುದು ಪ್ರಜಾಪ್ರಭುತ್ವದಲ್ಲಿ ಸಣ್ಣ ಸಂಗತಿಯಲ್ಲ.

ಎರಡನೆಯ ಉದಾಹರಣೆ ಮನೆಯೊಳಗಿನದು. ಜಮೀನಿಗೆ ಬೆಲೆ ಬಂದ ಕಡೆಯಲ್ಲೆಲ್ಲ ಹೆಣ್ಣುಮಕ್ಕಳ ಸಹಿಯ ಪ್ರಶ್ನೆ ಬರುತ್ತದೆ. ತವರಿಗೆ ಕರೆಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಮ್ಮ ಎನ್ನುವುದು ನಡೆದುಬಂದ ರೂಢಿ. ಈ ವಿಷಯದಲ್ಲಿ ಕನ್ನಡ ನಾಡಿನ ಇತಿಹಾಸ ಉದ್ದದ್ದು. ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಆಳುತ್ತಿದ್ದಾಗ ವಿಜ್ಞಾನೇಶ್ವರ ಬರೆದ ಮಿತಾಕ್ಷರಾ, ಬಂಗಾಳದಂಥ ಭಾಗ ಬಿಟ್ಟು ದೇಶದ ಬಹುಪಾಲಿನಲ್ಲಿ ಹಿಂದೂ ಪಿತ್ರಾರ್ಜಿತ ಆಸ್ತಿಯ ಹಂಚಿಕೆಯನ್ನು ಆಳಿತು. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಈಗಿನ ಮಾತಿನಲ್ಲಿ ಹೇಳುವುದಾದರೆ ಒಂದು ಕಾನೂನು ಸಂಶೋಧನೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದಿತು. 1994ರಲ್ಲಿ ಕರ್ನಾಟಕ ತನ್ನದೇ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು, ಆದರೆ ಆ ಹೊತ್ತಿಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಲಿ ಬಿಡಲಿ, ಮಗಳಿಗೆ ಮಗನಷ್ಟೇ ಹಕ್ಕು ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ವಿಭಾಗ, ಮಾರಾಟಗಳಿಗೆ ಮಾತ್ರ ಇದರಿಂದ ಧಕ್ಕೆಯಿಲ್ಲ. ಇದು ಪಿತ್ರಾರ್ಜಿತ ಆಸ್ತಿಯ ಮಾತು. ತಂದೆ ತನ್ನ ದುಡಿಮೆಯಿಂದ ಸಂಪಾದಿಸಿದ್ದಕ್ಕೆ ಲೆಕ್ಕ ಬೇರೆ.

ಈ ಒಂದು ಪ್ಯಾರಾ ಗೊತ್ತಿರುವ ಹೆಣ್ಣುಮಗಳು ಬಿಡುಗಡೆ ಪತ್ರದ ಮುಂದೆ ಕೂತಾಗ ಸಹಿ ಹಾಕಲೂಬಹುದು, ಹಾಕದಿರಲೂಬಹುದು. ಅಣ್ಣನ ಮೇಲಿನ ಪ್ರೀತಿಯಿಂದ ಬಿಟ್ಟುಕೊಡುವುದು ಅವಳ ಇಷ್ಟ. ಆದರೆ ಬಿಟ್ಟುಕೊಡುವುದು ಏನನ್ನು ಎಂದು ತಿಳಿದು ಬಿಟ್ಟುಕೊಟ್ಟಾಗಲೇ ಅದಕ್ಕೆ ಅವಳ ಒಪ್ಪಿಗೆ ಇದೆ ಎನ್ನಬಹುದು.

ಸಂಶೋಧನೆ ಜನರ ನಡುವೆ ಬಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ನಿದರ್ಶನವಿದೆ. ಮಹಾರಾಷ್ಟ್ರದಲ್ಲಿ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸ್ ಠಾಣೆಯಲ್ಲೇ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಪೊಲೀಸರನ್ನು ಬಿಡುಗಡೆ ಮಾಡಿತು. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಸುಮ್ಮನಿದ್ದದ್ದೇ ಸಮ್ಮತಿಯೇ, ಠಾಣೆಯೊಳಗೆ ಒಬ್ಬ ಬಡ ಹುಡುಗಿಗೆ ಇಲ್ಲ ಎನ್ನುವ ಸ್ವಾತಂತ್ರ್ಯವಿತ್ತೇ ಎಂಬ ಅವರ ಪ್ರಶ್ನೆಗಳು ಪಾಂಡಿತ್ಯದಿಂದ ಹುಟ್ಟಿದ್ದವು, ಆದರೆ ಯಾರಿಗೂ ಅರ್ಥವಾಗುವಂತಿದ್ದವು. ಊರೂರುಗಳ ಮಹಿಳಾ ಸಂಘಟನೆಗಳು ಆ ಪತ್ರ ಹಿಡಿದು ಬೀದಿಗಿಳಿದವು. ಕೋರ್ಟ್ ತೀರ್ಪು ಬದಲಿಸಲಿಲ್ಲ, ಕಾನೂನು ಬದಲಾಯಿತು. ಪೊಲೀಸ್ ವಶದಲ್ಲಿದ್ದಾಗ ಸಂಬಂಧ ನಡೆದದ್ದು ಸಾಬೀತಾಗಿ, ತಾನು ಒಪ್ಪಿರಲಿಲ್ಲ ಎಂದು ಸಂತ್ರಸ್ತೆ ಹೇಳಿದರೆ ನ್ಯಾಯಾಲಯ ಅದನ್ನೇ ನಂಬಿ ಮುಂದುವರಿಯಬೇಕೆಂಬ ನಿಯಮ 1983ರ ತಿದ್ದುಪಡಿಯಿಂದ ಬಂತು. ಅದೇ ವಿಶ್ಲೇಷಣೆ ಯಾವುದೋ ನಿಯತಕಾಲಿಕದ ಅಡಿಟಿಪ್ಪಣಿಗಳ ನಡುವೆ ಅಚ್ಚಾಗಿದ್ದರೆ ಈ ಬದಲಾವಣೆ ಆಗುತ್ತಿತ್ತೆಂದು ನಾನು ನಂಬುವುದಿಲ್ಲ.

ನ್ಯಾಯಾಲಯಗಳ ಒಳಗೆ ಸಂಶೋಧನೆಗೆ ಎಷ್ಟು ಬಲವಿದೆ ಎಂಬುದಕ್ಕೆ ಕಾಸರಗೋಡಿನ ಎಡನೀರು ಮಠದ ಪ್ರಕರಣ ಸಾಕ್ಷಿ. ಯಕ್ಷಗಾನದ ಭಾಗವತಿಕೆಯಲ್ಲೂ ಹೆಸರಾಗಿದ್ದ ಕೇಶವಾನಂದ ಭಾರತೀ ಸ್ವಾಮೀಜಿ ಮಠದ ಜಮೀನಿನ ವಿಚಾರವಾಗಿ ಹೂಡಿದ ದಾವೆಯಲ್ಲಿ, 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ ಏಳು-ಆರರ ಬಹುಮತದಿಂದ ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂದಿತು. ಈ ಚಿಂತನೆ ನಮ್ಮ ಕೋರ್ಟುಗಳಿಗೆ ಬಂದದ್ದು ಒಂದು ವಿಶ್ವವಿದ್ಯಾಲಯದ ಉಪನ್ಯಾಸದಿಂದ. ಹೈಡೆಲ್‌ಬರ್ಗ್‌ನ ವಿದ್ವಾಂಸ ಡೀಟ್ರಿಕ್ ಕಾನ್ರಾಡ್ 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ತಿದ್ದುಪಡಿ ಅಧಿಕಾರದ ಮಿತಿಗಳ ಬಗ್ಗೆ ಮಾತಾಡಿದ್ದರು. ಮಂಗಳೂರಿನಲ್ಲಿ ವಕೀಲಿ ಮಾಡಿ ಬೆಳೆದ ಎಂ.ಕೆ. ನಂಬಿಯಾರ್ ಆ ವಾದವನ್ನು ಗೋಲಕನಾಥ್ ಪ್ರಕರಣದಲ್ಲಿ ಮುಂದಿಟ್ಟರು. ಒಂದು ಉಪನ್ಯಾಸ ಇಡೀ ದೇಶದ ಸಂವಿಧಾನವನ್ನು ಕಾಯಬಲ್ಲದಾದರೆ, ಅಂಥ ಚಿಂತನೆಯ ವಿವರ ದೇಶದ ಜನರಿಗೆ ಅವರ ಮಾತಿನಲ್ಲಿ ಗೊತ್ತಿರಬೇಡವೇ?

ಉಳಿದ ಆಕ್ಷೇಪಗಳಿಗೂ ಉತ್ತರ ಹೇಳಬೇಕು. ಕನ್ನಡದಲ್ಲಿ ಪರಿಭಾಷೆ ಇಲ್ಲ ಎನ್ನುತ್ತಾರೆ. ಪಹಣಿ, ಪೋಡಿ, ಖರಾಬು, ಖಾತೆ, ಕ್ರಯಪತ್ರ, ಋಣಭಾರ ಪತ್ರ, ವಂಶವೃಕ್ಷ ಎಂದು ದಿನಾ ಮಾತಾಡುವ ಜನರ ಮುಂದೆ ನಿಂತು ಈ ಮಾತು ಹೇಳುವುದು ಕಷ್ಟ. ಸ್ಟೇ, ರಿಟ್, ಅಪೀಲು ಎಂಬವೂ ಕನ್ನಡದ ಮಾತೇ ಆಗಿಹೋಗಿವೆ. ಪರಿಭಾಷೆಯ ಕೊರತೆ ಇರುವುದು ಬರೆಯದವರಿಗೆ. ಬರೆಯತೊಡಗಿದವರಿಗೆ ಅದು ಬರೆಯುತ್ತ ಬರೆಯುತ್ತ ನೀಗುತ್ತದೆ. ಬಡಾವಣೆಗೆ ಯಾರ ಹೆಸರಿಟ್ಟಿದ್ದಾರೋ ಆ ಶಿವರಾಮ ಕಾರಂತರು ಬಾಲಪ್ರಪಂಚ, ವಿಜ್ಞಾನ ಪ್ರಪಂಚಗಳನ್ನು ಬರೆದದ್ದು ಹಾಗೆಯೇ. ಅನುಪಮಾ ನಿರಂಜನ ಹೆಣ್ಣುಮಕ್ಕಳ ಆರೋಗ್ಯವನ್ನು ಕನ್ನಡದ ಮನೆಮನೆಯ ಓದಾಗಿಸಿದರು, ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರವನ್ನು ಸಾಹಿತ್ಯವಾಗಿಸಿದರು. ಕಾನೂನಿನಲ್ಲೂ ಆರಂಭವಾಗಿಲ್ಲವೆಂದಲ್ಲ. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಅವರ 'ಸಂವಿಧಾನ ಓದು' ಮತ್ತೆ ಮತ್ತೆ ಮುದ್ರಣ ಕಂಡು, ಕಾಲೇಜುಗಳಲ್ಲಿ ಅಭಿಯಾನವಾಗಿ ಹರಡಿತು. ಜನ ಓದುವುದಿಲ್ಲ ಎಂಬ ಮಾತಿಗೆ ಆ ಪುಸ್ತಕವೇ ಉತ್ತರ. ಸಂವಿಧಾನಕ್ಕೆ ಆದದ್ದು ಭೂಕಾನೂನಿಗೆ, ಬಾಡಿಗೆ ಕಾನೂನಿಗೆ, ಕಾರ್ಮಿಕ ಕಾನೂನಿಗೆ ಆಗಬೇಕಿದೆ.

ಯಂತ್ರಾನುವಾದ ಬಂದಿದೆಯಲ್ಲ, ಅದೇ ಸಾಕಲ್ಲವೇ ಎಂಬ ಪ್ರಶ್ನೆಯೂ ಇದೆ. ಸುಪ್ರೀಂ ಕೋರ್ಟ್ 2019ರಲ್ಲಿ ಸುವಾಸ್ ಎಂಬ ಅನುವಾದ ತಂತ್ರಾಂಶ ತಂದಿತು, ಭಾರತೀಯ ಭಾಷೆಗಳಲ್ಲಿ ತೀರ್ಪುಗಳು ಬರತೊಡಗಿವೆ. ಸ್ವಾಗತಿಸೋಣ. ಆದರೆ ನೂರು ಪುಟದ ಇಂಗ್ಲಿಷ್ ತೀರ್ಪು ಅನುವಾದವಾದರೆ ನೂರು ಪುಟದ ಕನ್ನಡ ತೀರ್ಪಾಗುತ್ತದೆ. ಅದರಲ್ಲಿ ಯಾವ ಪುಟ ತನಗೆ ಸಂಬಂಧಿಸಿದ್ದು ಎಂದು ಓದುಗನಿಗೆ ತಿಳಿಯುವುದಿಲ್ಲ. ಬೇಕಿರುವುದು ವಿವರಣೆ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2009ರಲ್ಲಿ ಆರಂಭವಾದಂದಿನಿಂದ ತನ್ನ ತೀರ್ಪುಗಳ ಜೊತೆ ಚಿಕ್ಕ ಸಾರಾಂಶ ಕೊಡುತ್ತಿದೆ, ಇದು ತೀರ್ಪಿನ ಭಾಗವಲ್ಲ ಎಂಬ ಸೂಚನೆಯನ್ನೂ ಅದರಲ್ಲಿ ಸೇರಿಸುತ್ತದೆ. ಕೆನಡಾದ ಸುಪ್ರೀಂ ಕೋರ್ಟ್ 2018ರಿಂದ ಸಾಮಾನ್ಯ ಓದುಗರಿಗೆಂದೇ ಸರಳ ಸಾರಾಂಶಗಳನ್ನು ಪ್ರಕಟಿಸುತ್ತಿದೆ. ಅಲ್ಲಿ ಇದರಿಂದ ನ್ಯಾಯದ ಘನತೆ ಕುಗ್ಗಿಲ್ಲ.

ಅರ್ಧ ತಿಳಿದವರು ವಕೀಲರನ್ನು ಬಿಟ್ಟು ತಾವೇ ಕೋರ್ಟಿಗೆ ಇಳಿದರೆ ಅಪಾಯ ಎಂಬುದು ಕೊನೆಯ, ಮತ್ತು ಗಂಭೀರ ಆಕ್ಷೇಪ. ಈ ಅಪಾಯ ಇದೆ. ಅದಕ್ಕೆ ಪರಿಹಾರ ಮೌನವಲ್ಲ, ಬರೆಯುವವರ ಶಿಸ್ತು. ಬರಹ ಯಾವ ದಿನಾಂಕದವರೆಗಿನ ಕಾನೂನನ್ನು ಹೇಳುತ್ತದೆ ಎಂದು ಮೇಲೆಯೇ ನಮೂದಿಸಬೇಕು. ತೀರ್ಮಾನವಾದ ವಿಷಯ ಯಾವುದು, ಇನ್ನೂ ವಿವಾದದಲ್ಲಿರುವುದು ಯಾವುದು ಎಂದು ಬೇರ್ಪಡಿಸಬೇಕು. ಸಂಶೋಧಕರ ಅಭಿಪ್ರಾಯವನ್ನು ಕಾನೂನೆಂದು ಹೇಳಬಾರದು. ವಕೀಲರ ಬಳಿ ಹೋಗುವಾಗ ಯಾವ ಕಾಗದ ಒಯ್ಯಬೇಕು, ಯಾವ ಪ್ರಶ್ನೆ ಕೇಳಬೇಕು ಎಂದು ಕೊನೆಯಲ್ಲಿ ತಿಳಿಸಬೇಕು. ಹೀಗೆ ಬರೆದ ಬರಹ ವಕೀಲರ ಕೆಲಸವನ್ನು ಕಸಿಯುವುದಿಲ್ಲ, ಹಗುರ ಮಾಡುತ್ತದೆ. ಇಂದು ಅರ್ಧ ತಿಳಿವಳಿಕೆಯನ್ನು ಹಂಚುತ್ತಿರುವವರು ಯಾರು ಎಂಬುದನ್ನೂ ಯೋಚಿಸಬೇಕು. ಸೈಟು ಮಾರುವ ಮಧ್ಯವರ್ತಿಗೆ ಅಧಿಸೂಚನೆಯ ಬಗ್ಗೆ ಗೊತ್ತಿರುತ್ತದೆ, ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ವಿದ್ವಾಂಸರು ಬಿಟ್ಟ ಜಾಗ ಖಾಲಿ ಉಳಿಯಲಿಲ್ಲ. ಅದನ್ನು ತುಂಬಿದವರಿಗೆ ಸತ್ಯ ಹೇಳುವ ಹೊಣೆ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು, ಕರ್ನಾಟಕದ ಕಾನೂನು, ಜಮೀನು, ಜನಜೀವನದ ಮೇಲೆ ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಸಲ್ಲಿಕೆಯಾಗುವ ಪ್ರತಿ ಕಾನೂನು ಪ್ರಬಂಧದ ಜೊತೆ ನಾಲ್ಕು ಪುಟದ ಕನ್ನಡ ವಿವರಣೆ ಕಡ್ಡಾಯವಾಗಲಿ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ, ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ ಇದಕ್ಕೆ ಮೊದಲು ಕೈ ಹಾಕಲಿ. ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಭಂಡಾರದಲ್ಲಿ ಹೇಗೂ ಉಚಿತವಾಗಿ ಸೇರುತ್ತವೆ. ಕನ್ನಡ ವಿವರಣೆಯೂ ಅಲ್ಲೇ ಸೇರಲಿ. ಅಧ್ಯಾಪಕರ ಬಡ್ತಿಯ ಲೆಕ್ಕದಲ್ಲಿ ಇಂಥ ಬರಹಕ್ಕೆ ಅಂಕವಿರಲಿ, ಇಲ್ಲವಾದರೆ ಒಳ್ಳೆಯ ಮನಸ್ಸಿನವರೂ ಬರೆಯಲಾರರು. ಎರಡನೆಯದು, ಸಾವಿರಾರು ಮನೆಗಳಿಗೆ ತಟ್ಟುವ ತೀರ್ಪು ಬಂದಾಗ ಹೈಕೋರ್ಟ್ ಒಂದು ಪುಟದ ಕನ್ನಡ ಸಾರಾಂಶ ಹೊರಡಿಸಲಿ. ಇದಕ್ಕೆ 348ನೇ ವಿಧಿಯ ಅಡ್ಡಿಯಿಲ್ಲ, ಏಕೆಂದರೆ ಸಾರಾಂಶ ತೀರ್ಪಲ್ಲ.

ಮೂರನೆಯದು ಹೆಚ್ಚು ಖರ್ಚಿಲ್ಲದ ಕೆಲಸ. ಕಾನೂನು ಕಾಲೇಜುಗಳಲ್ಲಿ ಕಾನೂನು ನೆರವು ಕೇಂದ್ರಗಳಿವೆ, ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಿವೆ, ಜಿಲ್ಲಾ ಮಟ್ಟದಲ್ಲಿ ಕಾನೂನು ಸೇವಾ ಪ್ರಾಧಿಕಾರಗಳಿವೆ. ಇವುಗಳ ನಡುವೆ ದಾರಿ ಬೀಳಬೇಕು. ಚಿಕ್ಕಬಾಣಾವರ ಗ್ರಾಮ ಪಂಚಾಯಿತಿಯಿಂದ ಪುರಸಭೆಯಾದ ಊರು. ನಮೂನೆ 9, ನಮೂನೆ 11ರ ಕಾಲದಿಂದ ಇ-ಖಾತಾ ಕಾಲದವರೆಗಿನ ಕಾಗದಗಳು ಇಲ್ಲಿನ ಮನೆಗಳ ಬೀರುಗಳಲ್ಲಿವೆ. ಯಾವ ಕಾಗದ ಮಾಲೀಕತ್ವ ತೋರಿಸುತ್ತದೆ, ಯಾವುದು ತೆರಿಗೆ ಕಟ್ಟಿದ್ದಕ್ಕಷ್ಟೇ ಪುರಾವೆ ಎಂಬುದರ ಮೇಲೆ ಕಾನೂನು ವಿದ್ಯಾರ್ಥಿಗಳ ಒಂದು ತಂಡ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕೈಪಿಡಿ ಬರೆದು, ಪುರಸಭೆಯ ಸಭಾಂಗಣದಲ್ಲಿ ಜನರ ಮುಂದೆ ಓದಲಿ. ಜನ ಕೇಳುವ ಪ್ರಶ್ನೆಗಳಿಂದ ಸಂಶೋಧನೆಗೂ ಹೊಸ ವಿಷಯ ಸಿಗುತ್ತದೆ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಬರಲಿರುವ 25 ಕಿಲೋಮೀಟರ್ ಉಪನಗರ ರೈಲಿನ ಮಲ್ಲಿಗೆ ಮಾರ್ಗ ಈ ಊರಿನ ಜಮೀನಿಗೆ ಇನ್ನಷ್ಟು ಬೆಲೆ ತರುತ್ತದೆ, ಇನ್ನಷ್ಟು ವ್ಯಾಜ್ಯವನ್ನೂ ತರುತ್ತದೆ. ಮುಂದಿನ ಅಧಿಸೂಚನೆಗೆ ಮುಂಚೆ ಈ ಕೆಲಸ ಆಗಬೇಕು.

ಕಾನೂನು ಕಲಿಸುವವರಲ್ಲಿ, ಕಾನೂನಿನ ಮೇಲೆ ಸಂಶೋಧನೆ ಮಾಡುವವರಲ್ಲಿ ನನ್ನ ಮನವಿ ಒಂದೇ. ನಿಮ್ಮ ಮುಂದಿನ ಲೇಖನ ನಿಯತಕಾಲಿಕಕ್ಕೆ ಹೋದ ವಾರವೇ ಅದರ ಸಾರವನ್ನು ಕನ್ನಡದಲ್ಲಿ ಎರಡು ಪುಟ ಬರೆಯಿರಿ, ನಿಮ್ಮ ಹೆಸರು ಹಾಕಿ ಬರೆಯಿರಿ, ತಪ್ಪಿದ್ದರೆ ತಿದ್ದುವ ಹೊಣೆಯನ್ನೂ ಹೊತ್ತು ಬರೆಯಿರಿ. ಓದುಗರಲ್ಲಿ ಕೇಳುವುದೂ ಇದೆ. ಸೈಟು ಕೊಳ್ಳುವ ಮುಂಚೆ, ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮುಂಚೆ, ಈ ವಿಷಯದ ಕಾನೂನು ಏನು, ಅದು ಎಲ್ಲಿ ಬರೆದಿದೆ ಎಂದು ಕೇಳಿ. ಕನ್ನಡದಲ್ಲಿ ಕೊಡಿ ಎಂದು ಪಟ್ಟು ಹಿಡಿಯಿರಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಅದರ ಸಹಾಯವಾಣಿ 15100. ಈ ಸಂಖ್ಯೆಯನ್ನು ಇಂದೇ ಗುರುತು ಹಾಕಿಕೊಳ್ಳಿ.